ಸಿಸೇರಿಯನ್ ಮುಗಿದ ಮೇಲೆ ಅಕ್ಕ ಐದು ಗಂಟೆ ಉಸಿರಾಡಲಿಲ್ಲ: ಇದು ಸೋದರಮಾವನ ಮದುವೆಯಿಂದ ಬಂದದ್ದೇ?

ಪ್ರಶ್ನೆ: ನಮ್ಮದು ಬಳ್ಳಾರಿ ಕಡೆ. ಆರ್ಯ ವೈಶ್ಯರು. ಗೊಬ್ಬರ, ಕೀಟನಾಶಕದ ಅಂಗಡಿ ಇದೆ. ಮೂರು ತಿಂಗಳ ಹಿಂದೆ ಅಕ್ಕನಿಗೆ ತುರ್ತಾಗಿ ಸಿಸೇರಿಯನ್ ಆಯಿತು. ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಮಗು ಚೆನ್ನಾಗಿದೆ. ಆದರೆ ಆಪರೇಷನ್ ಮುಗಿದ ಮೇಲೂ ಐದು ಗಂಟೆ ಅಕ್ಕ ತಾನಾಗಿ ಉಸಿರಾಡಲಿಲ್ಲ. ವೆಂಟಿಲೇಟರ್‌ನಲ್ಲಿ ಇಟ್ಟಿದ್ದರು. ಆಮೇಲೆ ರಕ್ತ ಪರೀಕ್ಷೆ ಮಾಡಿ, "ಇವರ ರಕ್ತದಲ್ಲಿ ಒಂದು ಕಿಣ್ವವೇ ಇಲ್ಲ, ನಿಮ್ಮ ಜನರಲ್ಲಿ ಇದು ಜಾಸ್ತಿ" ಎಂದರು. ನಮ್ಮ ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಅದರಿಂದಲೇ ಹೀಗಾಯಿತು ಅಂತ ಅಕ್ಕನ ಅತ್ತೆ ಮನೆಯಲ್ಲಿ ಮಾತು. ನನಗೂ ಮದುವೆ ಗೊತ್ತಾಗಿದೆ. ಹುಡುಗಿ ನಮ್ಮ ಜನವೇ, ಆದರೆ ನೆಂಟರಲ್ಲ. ಅವರ ಮನೆಗೂ ಸುದ್ದಿ ಮುಟ್ಟಿದೆ. ಲಗ್ನಪತ್ರಿಕೆ ಅಚ್ಚಿಗೆ ಕೊಡದೆ ತಡೆದಿದ್ದೇವೆ. ಇದು ಕಾಯಿಲೆಯೇ? ಯಾರ್ಯಾರು ಪರೀಕ್ಷೆ ಮಾಡಿಸಬೇಕು? ಹುಡುಗಿಗೂ ಮಾಡಿಸಬೇಕೇ?

ಉತ್ತರ: ಮೊದಲು ಅಕ್ಕನ ವಿಷಯ. ಅವರಿಗೆ ಈಗ ಏನೂ ತೊಂದರೆ ಇಲ್ಲ. ನಾಳೆಯೂ ಅಡುಗೆ, ಓಡಾಟ, ಬಾಣಂತನ ಯಾವುದಕ್ಕೂ ಅಡ್ಡಿ ಇಲ್ಲ. ಪಥ್ಯ ಇಲ್ಲ, ಮಾತ್ರೆ ಇಲ್ಲ. ಇದು ಒಂದು ವಿಚಿತ್ರ ಕೊರತೆ. ಒಂದು ಚುಚ್ಚುಮದ್ದು ಮೈಗೆ ಹೋಗುವವರೆಗೂ ಇದು ಇದೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಹಿರಿಯರಲ್ಲಿ ಯಾರೋ ಇದನ್ನು ಹೊತ್ತುಕೊಂಡೇ ಮೊಮ್ಮಕ್ಕಳನ್ನು ಆಡಿಸಿ ಹೋಗಿರಬಹುದು. ಅವರ ಕಾಲಕ್ಕೆ ಆ ಚುಚ್ಚುಮದ್ದೇ ಇರಲಿಲ್ಲ.

ನಾನು ಅರಿವಳಿಕೆ ವೈದ್ಯ. ಆ ಚುಚ್ಚುಮದ್ದನ್ನು ಥಿಯೇಟರಿನಲ್ಲಿ ನಾವೆಲ್ಲ ಸ್ಕೋಲಿನ್ ಅನ್ನುತ್ತೇವೆ. ಪೂರ್ತಿ ಹೆಸರು ಸಕ್ಸಿನೈಲ್‌ಕೋಲಿನ್. 1950ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ನಿಮ್ಮ ಅಕ್ಕನಂಥ ತುರ್ತು ಸಂದರ್ಭದಲ್ಲಿ ಹೊಟ್ಟೆ ಖಾಲಿ ಇರುವುದಿಲ್ಲ. ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಅಪಾಯ. ಬೇಗ ಗಂಟಲಿಗೆ ಟ್ಯೂಬ್ ಇಳಿಸಬೇಕು. ಅದಕ್ಕೆ ಸ್ನಾಯುಗಳು ಪೂರ್ತಿ ಸಡಿಲವಾಗಬೇಕು. ಸ್ಕೋಲಿನ್ ಕೊಟ್ಟು ನೋಡುತ್ತಾ ನಿಂತರೆ ಮೊದಲು ಕಣ್ಣಿನ ಸುತ್ತ, ಕೆನ್ನೆಯ ಮೇಲೆ ಒಂದು ಅದುರು. ಅಲ್ಲಿಂದ ಕುತ್ತಿಗೆ, ಎದೆ, ತೊಡೆ. ಚರ್ಮದ ಕೆಳಗೆ ಇರುವೆ ಸಾಲು ಹರಿದ ಹಾಗೆ. ಒಂದು ನಿಮಿಷದೊಳಗೆ ಅದೆಲ್ಲ ನಿಂತು ಮೈ ಹತ್ತಿಯ ಗಂಟಿನಂತಾಗುತ್ತದೆ. ಮಿಕ್ಕವರಿಗೆ ಐದರಿಂದ ಹತ್ತು ನಿಮಿಷದಲ್ಲಿ ಶಕ್ತಿ ವಾಪಸ್ ಬರುತ್ತದೆ.

ವಾಪಸ್ ಬರುವುದು ಹೇಗೆ? ಕಥೆ ಇರುವುದೇ ಇಲ್ಲಿ. ನರ ಸ್ನಾಯುವಿಗೆ "ಬಿಗಿ" ಅಂತ ಹೇಳುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಅಂಥ ಎರಡನ್ನು ಬಾಲಕ್ಕೆ ಬಾಲ ಕಟ್ಟಿದರೆ ಅದೇ ಸ್ಕೋಲಿನ್. ಸ್ನಾಯು ಮೋಸ ಹೋಗುತ್ತದೆ. ಒಮ್ಮೆ ಅದುರುತ್ತದೆ. ಆದರೆ ಸ್ಕೋಲಿನ್ ಅಲ್ಲಿಂದ ಜಾಗ ಬಿಡುವುದಿಲ್ಲ, ಸ್ನಾಯು ಸೋತು ಕೂರುತ್ತದೆ. ಅಸಿಟೈಲ್‌ಕೋಲಿನ್ ಅನ್ನು ಅಲ್ಲೇ ಕತ್ತರಿಸುವ ಕಿಣ್ವ ಈ ಜೋಡಿಯನ್ನು ಮುಟ್ಟಲಾರದು. ಇದನ್ನು ಕತ್ತರಿಸುವ ಕತ್ತರಿ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅದರ ಹೆಸರು ಬ್ಯುಟೈರಿಲ್‌ಕೋಲಿನ್‌ಎಸ್ಟರೇಸ್. ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಕಿಣ್ವ. ಇದು ಎಷ್ಟು ಚುರುಕೆಂದರೆ, ಚುಚ್ಚಿದ ಸ್ಕೋಲಿನ್‌ನಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಸ್ನಾಯುವಿನ ತನಕ ಮುಟ್ಟುತ್ತದೆ. ಉಳಿದದ್ದು ದಾರಿಯಲ್ಲೇ ತುಂಡು. ನಮ್ಮ ಡೋಸ್ ಲೆಕ್ಕವೆಲ್ಲ ಈ ದಾರಿ ಸುಂಕ ಕಳೆದೇ ಇರುವುದು.

ನಿಮ್ಮ ಅಕ್ಕನ ರಕ್ತದಲ್ಲಿ ಆ ಸುಂಕದ ಕಟ್ಟೆಯಲ್ಲಿ ಕೂತವರೇ ಇಲ್ಲ. ಇಡೀ ಡೋಸ್ ಸ್ನಾಯುವಿಗೆ ಹೋಯಿತು. ಹೋದದ್ದು ಮೂತ್ರದಲ್ಲಿ ಮತ್ತು ನಿಧಾನವಾದ ಬೇರೆ ದಾರಿಗಳಲ್ಲಿ ಸೋರಿಹೋಗಲು ಗಂಟೆಗಟ್ಟಲೆ ಹಿಡಿಯಿತು. ಇದನ್ನೇ ಸ್ಕೋಲಿನ್ ಆ್ಯಪ್ನಿಯಾ ಅನ್ನುವುದು.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಹೀಗೇ ಆಯಿತು. ಅಪೆಂಡಿಕ್ಸ್‌ಗೆ ಬಂದ ಹುಡುಗ. ಆಪರೇಷನ್ ಮುಗಿಯಿತು. ಹೊಲಿಗೆ ಬಿತ್ತು. ಉಸಿರಿಲ್ಲ. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಕುಣಿಯುತ್ತದೆಯೇ ಅಂತ ನೋಡುವ ಪುಟ್ಟ ಯಂತ್ರ ಇರುತ್ತದೆ. ನಾಲ್ಕು ಸಲ ಕೊಟ್ಟರೆ ಬೆರಳು ನಾಲ್ಕು ಸಲ ಕುಣಿಯಬೇಕು. ಒಂದೂ ಇಲ್ಲ. ನಾನು ಬೆವರಿದೆ. ಸೀನಿಯರ್ ಬಂದರು, ಬೆರಳು ನೋಡಿದರು, ಕೇಸ್ ಶೀಟ್ ನೋಡಿದರು. ಹೊರಗೆ ಹೋಗಿ ಅವನ ತಂದೆಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಕೋಮಟಿ ಶೆಟ್ರಾ?" ಹೌದು ಅಂದರು. ಒಳಗೆ ಬಂದು, "ನಿದ್ದೆ ಔಷಧಿ ನಿಲ್ಲಿಸಬೇಡ, ವೆಂಟಿಲೇಟರ್ ಹಾಕು, ಒಂದು ಕಾಫಿ ಕುಡಿದು ಬಾ" ಅಂದರು. ಬೆಳಗಿನ ಜಾವ ಹೆಬ್ಬೆರಳು ಮೊದಲ ಸಲ ಸಣ್ಣಗೆ ಕುಣಿದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ.

"ನಿದ್ದೆ ಔಷಧಿ ನಿಲ್ಲಿಸಬೇಡ" ಅನ್ನುವ ಮಾತು ಮುಖ್ಯ. ಸ್ಕೋಲಿನ್ ಪ್ರಜ್ಞೆ ತಪ್ಪಿಸುವುದಿಲ್ಲ. ಸ್ನಾಯುವನ್ನು ಮಾತ್ರ ಕಟ್ಟಿಹಾಕುತ್ತದೆ. ನಿದ್ದೆ ಇಳಿದು ಸ್ನಾಯು ಇನ್ನೂ ಕಟ್ಟಿಹಾಕಿದಂತೆ ಇದ್ದರೆ, ಮಾತು ಕೇಳಿಸುತ್ತದೆ, ಕಣ್ಣು ತೆರೆಯಲಾಗುವುದಿಲ್ಲ, ಬೆರಳು ಎತ್ತಲಾಗುವುದಿಲ್ಲ. ಭಯಾನಕ ಅನುಭವ. ಆದ್ದರಿಂದ ನಿಮಗೆ ಒಂದು ಕೆಲಸ. ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಕೇಳಿ: ಆ ಐದು ಗಂಟೆಯಲ್ಲಿ ಏನಾದರೂ ನೆನಪಿದೆಯಾ? ಇಲ್ಲ ಎಂದರೆ ಒಳ್ಳೆಯದು. ಇದೆ ಎಂದರೆ, "ಕನಸು ಬಿಡು" ಅಂತ ತಳ್ಳಿಹಾಕಬೇಡಿ. ಅದೇ ಆಸ್ಪತ್ರೆಯ ಅರಿವಳಿಕೆ ವೈದ್ಯರ ಜೊತೆ, ಬೇಕಾದರೆ ಮನೋವೈದ್ಯರ ಜೊತೆ ಮಾತಾಡಿಸಿ. ಎಷ್ಟೋ ಹೆಂಗಸರು ಇದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಅಂದಹಾಗೆ ನೀವು ಬರೆದ ಮಟ್ಟಿಗೆ ಆಸ್ಪತ್ರೆಯವರು ಮಾಡಬೇಕಾದ್ದನ್ನೇ ಮಾಡಿದ್ದಾರೆ. ಉಸಿರು ಕೊಟ್ಟು ಕಾಯುವುದೇ ಇದಕ್ಕೆ ಚಿಕಿತ್ಸೆ. ಕಿಣ್ವ ಇರುವ ಪ್ಲಾಸ್ಮಾ ಹಾಕಬಹುದು, ಆದರೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಈಗ ಜೀನ್ ವಿಷಯಕ್ಕೆ ಬರೋಣ. ಔಷಧಿ ಒಂದೇ, ಡೋಸ್ ಒಂದೇ, ಆದರೂ ಕೆಲವರಲ್ಲಿ ಮಾತ್ರ ಹೀಗೆ ಯಾಕೆ ಅಂತ 1950ರ ದಶಕದಲ್ಲಿ ಬೆನ್ನು ಹತ್ತಿದವರು ಟೊರಾಂಟೊದ ವರ್ನರ್ ಕ್ಯಾಲೊ. ಡೈಬುಕೇನ್ ಎಂಬ ಮರವಳಿಕೆ ಮದ್ದನ್ನು ರಕ್ತದ ಸ್ಯಾಂಪಲ್‌ಗೆ ಸೇರಿಸಿದರೆ ಸಾಮಾನ್ಯ ಕಿಣ್ವದ ಕೆಲಸ ನೂರಕ್ಕೆ ಸುಮಾರು 80 ಭಾಗ ಕುಗ್ಗುತ್ತದೆ. ಸೊಟ್ಟ ಕಿಣ್ವ 20ರಷ್ಟೇ ಕುಗ್ಗುತ್ತದೆ. ನಡುವೆ, 60ರ ಆಸುಪಾಸಿನಲ್ಲಿ ಇನ್ನೊಂದು ಗುಂಪು. ಒಂದೊಂದು ಜೀನಿಗೂ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು; ಈ ಗುಂಪಿನವರಲ್ಲಿ ಅದರಲ್ಲಿ ಒಂದು ಮಾತ್ರ ಸೊಟ್ಟ. ಒಂದು ಸಂಖ್ಯೆ ನೋಡಿ ಮೂರು ಗುಂಪು ಮಾಡಬಹುದು ಅಂತ ಅವರು ತೋರಿಸಿದ್ದು 1957ರಲ್ಲಿ. ಮದ್ದು ಮತ್ತು ಜೀನ್ ನಂಟನ್ನು ಹುಡುಕುವ ಫಾರ್ಮಕೊಜೆನೆಟಿಕ್ಸ್ ಎಂಬ ಇಡೀ ವಿಜ್ಞಾನ ಬೆಳೆದದ್ದು ಇಂಥ ಕೆಲವೇ ಗಮನಿಕೆಗಳಿಂದ.

ಆದರೆ ನಿಮ್ಮ ಸಮುದಾಯದ ಕಥೆ ಕ್ಯಾಲೊ ಕಂಡದ್ದಕ್ಕಿಂತ ಬೇರೆ. ಅಲ್ಲಿ ಕಿಣ್ವ ಸೊಟ್ಟಗಿತ್ತು, ಇಲ್ಲಿ ಕಿಣ್ವವೇ ಇಲ್ಲ. ಹಾಗಾಗಿ ಡೈಬುಕೇನ್ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬಾರದು. ಇಲ್ಲದ್ದನ್ನು ಎಷ್ಟು ಕುಗ್ಗಿಸುತ್ತೀರಿ? ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ನೆಬ್ರಾಸ್ಕದಲ್ಲಿ ಈ ಕಿಣ್ವದ ಮೇಲೇ ಕೆಲಸ ಮಾಡಿದ ಆಕ್ಸಾನಾ ಲಾಕ್ರಿಜ್ ಜೊತೆ ಸೇರಿ 2006ರಲ್ಲಿ ಕಾರಣ ಪ್ರಕಟಿಸಿದರು. ಈ ಕಿಣ್ವದ ಜೀನ್ ಇರುವುದು 3ನೇ ಕ್ರೋಮೋಸೋಮ್‌ನಲ್ಲಿ. ಅದರಲ್ಲಿ ಒಂದೇ ಒಂದು ಅಕ್ಷರ, ಟಿ ಇರಬೇಕಾದಲ್ಲಿ ಸಿ. ಅದರಿಂದ ಕಿಣ್ವದ ಸರಪಳಿಯಲ್ಲಿ 307ನೇ ಕೊಂಡಿ ಲ್ಯೂಸೀನ್ ಬದಲು ಪ್ರೋಲೀನ್ ಆಗುತ್ತದೆ. ಪ್ರೋಲೀನ್ ಬಗ್ಗದ ಸ್ವಭಾವದ್ದು. ಸರಪಳಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕಿಣ್ವ ನಿಲ್ಲುವುದಿಲ್ಲ. ಎರಡೂ ಪ್ರತಿ ಹೀಗಿದ್ದರೆ ರಕ್ತದಲ್ಲಿ ಕೆಲಸ ಮಾಡುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ.

ಇದು ವೈಶ್ಯರಲ್ಲೇ ಯಾಕೆ ಜಾಸ್ತಿ? ಬೇರೆಯವರಿಗೆ ಹೋಲಿಸಿದರೆ ಸುಮಾರು 100 ಪಟ್ಟು ಅನ್ನುತ್ತಾರೆ ಜೆನೆಟಿಕ್ಸ್‌ನವರು. ನಿಮ್ಮ ಅಕ್ಕನ ಅತ್ತೆ ಮನೆಯವರ ಉತ್ತರ, "ಸೋದರಿಕೆ". ಅದು ಅರ್ಧವೂ ನಿಜವಲ್ಲ.

ಮೊಸರಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ. ಊರಲ್ಲಿ ನೂರು ಮನೆ, ನೂರು ಬಗೆಯ ಮೊಸರು. ಒಂದು ದಿನ ಒಂದು ಮನೆಯವರು ಒಂದೇ ಒಂದು ಚಮಚ ಹೆಪ್ಪು ತೆಗೆದುಕೊಂಡು ಊರು ಬಿಡುತ್ತಾರೆ. ಆಮೇಲೆ ದಿನಾ ಅದೇ ಮೊಸರಿನಿಂದ ಮರುದಿನದ ಹೆಪ್ಪು. ಪಕ್ಕದ ಮನೆಯ ಹೆಪ್ಪು ಮುಟ್ಟುವುದಿಲ್ಲ. ಆ ಮೊದಲ ಚಮಚದಲ್ಲಿ ಒಂದು ಬಗೆಯ ಹುಳಿ ಸೇರಿಕೊಂಡಿತ್ತು ಅಂದರೆ, ನೂರು ದಿನದ ಮೇಲೂ ಹಂಡೆಗಟ್ಟಲೆ ಮೊಸರಿನಲ್ಲಿ ಅದೇ ಹುಳಿ ಸಿಗುತ್ತದೆ. ವೈಶ್ಯರ ವಿಷಯದಲ್ಲಿ ಆದದ್ದು ಇದೇ. ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಕೇಂದ್ರದ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 2009ರಲ್ಲಿ ಭಾರತದ ಹಲವು ಸಮುದಾಯಗಳ ಡಿಎನ್ಎ ಹೋಲಿಸಿತು. ವೈಶ್ಯರ ಮೂಲ ಗುಂಪು ಚಿಕ್ಕದಾಗಿ ಕುಗ್ಗಿದ್ದು 100 ತಲೆಮಾರಿಗಿಂತ ಹಿಂದೆ ಎಂದು ಅಂದಾಜಾಯಿತು. ಅಂದರೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ. ಅಲ್ಲಿಂದ ಈಚೆಗೆ ಹೊರಗಿನಿಂದ ಸೇರಿದ ಜೀನ್ ಬಹಳ ಕಡಿಮೆ. ಕುಲದೊಳಗೇ ಮದುವೆ ಎಂಬ ಕಟ್ಟು ಅಷ್ಟು ಬಿಗಿಯಾಗಿತ್ತು ಅಂತ ಕಲ್ಲಿನ ಶಾಸನವಾಗಲಿ ತಾಳೆಗರಿಯಾಗಲಿ ಹೇಳುವುದಕ್ಕಿಂತ ಗಟ್ಟಿಯಾಗಿ ರಕ್ತ ಹೇಳಿತು. ನನಗೆ ಇದು ಇಂದಿಗೂ ಬೆರಗು.

ಇದು ನಿಮ್ಮವರದ್ದೊಂದೇ ಕಥೆ ಅಂದುಕೊಳ್ಳಬೇಡಿ. 2017ರಲ್ಲಿ ಅದೇ ಬಗೆಯ ಇನ್ನೊಂದು ಅಧ್ಯಯನ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿತು. ಅದರಲ್ಲಿ 81 ಗುಂಪುಗಳ ಮೂಲ, ಈ ವಿಷಯಕ್ಕೆ ಜಗತ್ತಿನಲ್ಲೇ ಹೆಸರಾದ ಫಿನ್ಲೆಂಡಿನವರು ಮತ್ತು ಯುರೋಪ್ ಮೂಲದ ಅಶ್ಕೆನಾಜಿ ಯೆಹೂದಿಗಳಿಗಿಂತಲೂ ಇಕ್ಕಟ್ಟು. ಅಗರ್‌ವಾಲರಲ್ಲಿ ಮಕ್ಕಳ ಮಿದುಳಿನ ಒಂದು ಅಪರೂಪದ ಕಾಯಿಲೆ ಇದೆ. ನಮ್ಮ ಸೋಲಿಗರು, ಜೇನುಕುರುಬರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ ಒಂದು ಕೀಲು ಕಾಯಿಲೆ ಇದೆ. ಇವುಗಳ ಕಾರಣ, ಹಬ್ಬುವ ರೀತಿ ಒಂದೊಂದೂ ಬೇರೆ. ಆದರೆ ಯಾವ ಕುಲದವರೂ ಇನ್ನೊಬ್ಬರ ಕಡೆ ಬೆರಳು ತೋರಿಸುವ ಹಾಗಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ನಿಮ್ಮ ಜನ ಗೋತ್ರ ಬಿಟ್ಟು ಗೋತ್ರಕ್ಕೆ ಕೊಡುತ್ತಾರೆ, ನನಗೆ ಗೊತ್ತು. ಆದರೆ ಗೋತ್ರ ಅಪ್ಪನ ಸಾಲನ್ನು ಮಾತ್ರ ಎಣಿಸುತ್ತದೆ. ಅಕ್ಕನ ಮಗಳ ಗೋತ್ರ ಅವಳ ಅಪ್ಪನದು. ಹಾಗಾಗಿ ಸೋದರಮಾವ ಅವಳನ್ನು ಮದುವೆಯಾದರೆ ಗೋತ್ರಕ್ಕೆ ಧಕ್ಕೆ ಇಲ್ಲ. ಜೀನ್ ಲೆಕ್ಕದಲ್ಲಿ ಮಾತ್ರ ಅವರಿಬ್ಬರಿಗೆ ಕಾಲು ಭಾಗ ಒಂದೇ. ಅವರ ಮಗುವಿನ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ 16ರಲ್ಲಿ 1. ಸೋದರಿಕೆ ಸಾಧ್ಯತೆ ಹೆಚ್ಚಿಸುತ್ತದೆ, ಅದು ನಿಜ. ನಿಮ್ಮ ಮನೆಯಲ್ಲೂ ಹೆಚ್ಚಿಸಿರಬಹುದು. ಆದರೆ ಅದು ಇಲ್ಲದ ಜೀನನ್ನು ಹುಟ್ಟಿಸುವುದಿಲ್ಲ.

ಒಂದು ಬಾಯಿಲೆಕ್ಕ ಮಾಡೋಣ. ಸುಮ್ನೆ ಉದಾಹರಣೆಗೆ. ಒಂದು ಊರಲ್ಲಿ 100 ಜನರಲ್ಲಿ ಒಬ್ಬರು ಈ ಜೀನಿನ ಒಂದು ಪ್ರತಿ ಹೊತ್ತಿದ್ದಾರೆ ಅಂತಿಟ್ಟುಕೊಳ್ಳಿ. ನೆಂಟರಲ್ಲದ ಇಬ್ಬರ ಮದುವೆಯಲ್ಲಿ ಇಬ್ಬರೂ ಅಂಥವರೇ ಆಗಿ, ಮಗುವಿಗೆ ಎರಡೂ ಕೆಟ್ಟ ಪ್ರತಿ ಬೀಳುವುದು 40,000ದಲ್ಲಿ 1. ಇನ್ನೊಂದು ಊರಲ್ಲಿ 10 ಜನರಲ್ಲಿ ಒಬ್ಬರು ಹೊತ್ತಿದ್ದಾರೆ. ಅಲ್ಲಿ ಅದೇ ಸಾಧ್ಯತೆ 400ರಲ್ಲಿ 1. ಹೊತ್ತವರು ಹತ್ತು ಪಟ್ಟು ಹೆಚ್ಚಾದರೆ ಕೊರತೆ ಇರುವವರು ನೂರು ಪಟ್ಟು ಹೆಚ್ಚುತ್ತಾರೆ. ಇಲ್ಲಿ ಸೋದರಿಕೆ ಒಂದೂ ಇಲ್ಲ ಗಮನಿಸಿ. ಅಂದರೆ ನೆಂಟರಲ್ಲದ ಹುಡುಗಿಯನ್ನು ತಂದರೂ, ಕುಲ ಒಂದೇ ಆದ ಮೇಲೆ ಈ ಜೀನ್ ಮತ್ತೆ ಎದುರಾಗಬಹುದು. ಅಕ್ಕನ ಅತ್ತೆಗೆ ಇದನ್ನು ಹೇಳಿ. ಅವರ ಮಗನೂ ಒಂದು ಪ್ರತಿ ಹೊತ್ತಿರಬಹುದು. ಬೈಯುವ ಮೊದಲು ಅದೂ ತಿಳಿದಿರಲಿ.

ಯಾರು ಪರೀಕ್ಷೆ ಮಾಡಿಸಬೇಕು? ನೀವು, ಮೊದಲು ನೀವು. ಅಕ್ಕನಿಗೆ ಎರಡೂ ಪ್ರತಿ ಕೆಟ್ಟಿದೆ ಅಂದ ಮೇಲೆ ಅಪ್ಪ, ಅಮ್ಮ ಇಬ್ಬರಲ್ಲೂ ಕನಿಷ್ಠ ಒಂದೊಂದು ಇದೆ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅಕ್ಕನ ಹಾಗೇ ಇರುವ ಸಾಧ್ಯತೆ ಕನಿಷ್ಠ 4ರಲ್ಲಿ 1. ಅಪ್ಪ, ಅಮ್ಮನಿಗೂ ಮಾಡಿಸಿ, ವಯಸ್ಸಾದವರಿಗೇ ತಾನೇ ಆಪರೇಷನ್ ಜಾಸ್ತಿ. ಮಗುವಿಗೆ ಈಗಲೇ ಸೂಜಿ ಚುಚ್ಚುವುದು ಬೇಡ. ಏನಾದರೂ ಆಪರೇಷನ್ ಬಂದರೆ ಮಾತ್ರ ಮೊದಲೇ ತಿಳಿಸಿ. ಪರೀಕ್ಷೆಯ ಹೆಸರು ಸೀರಮ್ ಕೋಲಿನ್‌ಎಸ್ಟರೇಸ್. ಸಾಮಾನ್ಯ ರಕ್ತ ಪರೀಕ್ಷೆ. ನಿಮ್ಮ ಕಡೆ ದೊಡ್ಡ ಆಸ್ಪತ್ರೆಗಳಲ್ಲಿ ಇದು ಇರಲೇಬೇಕು, ಯಾಕೆಂದರೆ ಕೀಟನಾಶಕ ಕುಡಿದು ಬಂದವರಿಗೆ ಮಾಡುವುದೂ ಇದನ್ನೇ. ಅಕ್ಕನಿಗೂ ಇನ್ನೊಮ್ಮೆ ಮಾಡಿಸಿ. ಗರ್ಭಿಣಿಯರಲ್ಲಿ ಈ ಕಿಣ್ವ ಹೇಗೂ ಸ್ವಲ್ಪ ಇಳಿದಿರುತ್ತದೆ. ಲಿವರ್ ಕೆಟ್ಟವರಲ್ಲೂ ಇಳಿಯುತ್ತದೆ. ಆದರೆ ಹೆರಿಗೆಯಾಗಿ ಮೂರು ತಿಂಗಳಾದ ಮೇಲೂ ಸೊನ್ನೆಯ ಹತ್ತಿರ ಇದ್ದರೆ ಅದು ಜೀನಿನದ್ದೇ. ಜೀನ್ ಪರೀಕ್ಷೆಯೂ ಇದೆ, ಆದರೆ ಅದಕ್ಕೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಕೀಟನಾಶಕ ಅಂದದ್ದಕ್ಕೆ ನಿಮ್ಮ ಅಂಗಡಿ ನೆನಪಾಯಿತು. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ನಂಥ ಔಷಧಿಗಳು ಮೈಗೆ ಸೇರಿದರೆ ನರದ ಹತ್ತಿರ ಇರುವ ಕಿಣ್ವವನ್ನು ಹಿಡಿದು ಕಟ್ಟುತ್ತವೆ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ವಿಷವನ್ನು ರಕ್ತದ ಈ ಕಿಣ್ವ ತಾನೇ ಹೀರಿಕೊಂಡು ತಡೆಯುತ್ತದೆ. ಕಿಣ್ವ ಇಲ್ಲದವರಿಗೆ ಆ ತಡೆ ಇಲ್ಲ. ಪರೀಕ್ಷೆಯಲ್ಲಿ ನಿಮಗೂ ಇಲ್ಲ ಅಂತ ಬಂದರೆ, ಸೋರಿದ ಡಬ್ಬಿಯನ್ನು ಬರಿಗೈಯಲ್ಲಿ ಒರೆಸುವ ಅಭ್ಯಾಸ ಬಿಡಿ. ಇನ್ನೊಂದು ಗೊಂದಲ ಬೇರೆ ಇದೆ. ಅಂಥ ಅಂಗಡಿಯವನೊಬ್ಬ ಏನೋ ಕಾರಣಕ್ಕೆ ತಲೆಸುತ್ತಿ ಬಿದ್ದು ಆಸ್ಪತ್ರೆಗೆ ಹೋದ ಅಂದುಕೊಳ್ಳಿ. ಕೋಲಿನ್‌ಎಸ್ಟರೇಸ್ ಸೊನ್ನೆ ಬರುತ್ತದೆ. ಡ್ಯೂಟಿ ಡಾಕ್ಟರ್ ವಿಷ ಅಂತಲೇ ತಿಳಿದು ಚಿಕಿತ್ಸೆ ಶುರು ಮಾಡಬಹುದು.

ಹಾಗಾಗಿ ಒಂದು ಚೀಟಿ ಮಾಡಿಸಿ. ಕೊರತೆ ಇರುವ ಪ್ರತಿಯೊಬ್ಬರ ಪರ್ಸಿನಲ್ಲಿ, ಫೋನಿನಲ್ಲಿ, ಆಧಾರ್ ಕಾರ್ಡ್ ಜೆರಾಕ್ಸ್ ಹಿಂದೆ ಇರಲಿ: "ಹುಟ್ಟಿನಿಂದ ಕೋಲಿನ್‌ಎಸ್ಟರೇಸ್ ಕೊರತೆ. ಸ್ಕೋಲಿನ್ ಮತ್ತು ಮಿವಾಕ್ಯೂರಿಯಂ ಕೊಡಬಾರದು." ಮಿವಾಕ್ಯೂರಿಯಂ ಅಂದರೆ ಇದೇ ಕಿಣ್ವ ಕತ್ತರಿಸುವ, ಸ್ನಾಯು ಸಡಿಲಿಸುವ ಇನ್ನೊಂದು ಮದ್ದು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದನ್ನೇ ಬರೆಸಿಕೊಳ್ಳಿ. ಆಪರೇಷನ್‌ಗೆ ಮಾತ್ರ ಅಂದುಕೊಳ್ಳಬೇಡಿ, ಮನೋರೋಗಕ್ಕೆ ಕೊಡುವ ಶಾಕ್ ಚಿಕಿತ್ಸೆಗೂ ಸ್ಕೋಲಿನ್ ಬಳಸುತ್ತಾರೆ. ಮಿಕ್ಕ ಬಹುಪಾಲು ಅರಿವಳಿಕೆ ಔಷಧಿಗಳ ಬಗ್ಗೆ ಭಯ ಬೇಡ. ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್, ಬೆನ್ನಿಗೆ ಕೊಡುವ ಬ್ಯುಪಿವಕೇನ್ ಕರಗುವುದು ಲಿವರ್‌ನಲ್ಲಿ, ಈ ಕಿಣ್ವಕ್ಕೂ ಅದಕ್ಕೂ ನಂಟಿಲ್ಲ. ಬೇಗ ಟ್ಯೂಬ್ ಇಳಿಸಬೇಕಾದರೆ ಸ್ಕೋಲಿನ್ ಬದಲು ರೊಕ್ಯುರೋನಿಯಂ ಇದೆ, ಅದರ ಪರಿಣಾಮ ಇಳಿಸಲು ಸುಗಮಡೆಕ್ಸ್ ಇದೆ. ಮೊದಲೇ ಗೊತ್ತಿದ್ದರೆ ನಮಗೆ ಇದು ಎರಡು ನಿಮಿಷದ ಯೋಚನೆ. ಅಕ್ಕ ಎರಡನೇ ಹೆರಿಗೆಗೆ ಹೋದಾಗ ಮೊದಲ ತಪಾಸಣೆಯ ದಿನವೇ ಹೇಳಲಿ, ನೋವು ಶುರುವಾದ ಮೇಲಲ್ಲ.

ವೈದ್ಯರು ಕುಲ ಕೇಳಿದರೆ ಕೆಲವರಿಗೆ ಮುಜುಗರ. ಕೇಳಬೇಕಾದ ಜಾಗ ಅಂತ ಒಂದಿದ್ದರೆ ಇದೇ, ಅಂತ ನನ್ನ ಅಭಿಪ್ರಾಯ. ಹೆಸರು ನೋಡಿ ಊಹಿಸುವುದು ಮೋಸ. ಕರಾವಳಿಯ ಶೆಟ್ಟರು ಬಂಟರು, ಉತ್ತರ ಕರ್ನಾಟಕದ ಶೆಟ್ಟರ್ ಅನೇಕರು ಲಿಂಗಾಯತರು, ಗುಪ್ತ ಅಂತ ಇಟ್ಟುಕೊಂಡವರು ಯಾರು ಬೇಕಾದರೂ ಇರಬಹುದು. ನಮ್ಮ ಥಿಯೇಟರಿನಲ್ಲಿ ಒಮ್ಮೆ ಮಂಗಳೂರಿನ ಶೆಟ್ಟರೊಬ್ಬರಿಗೆ ಈ ಪ್ರಶ್ನೆ ಹಾಕಿ ಚೆನ್ನಾಗಿ ಉಗಿಸಿಕೊಂಡಿದ್ದೇನೆ. ಇರಲಿ.

ಕೊನೆಗೆ ನಿಮ್ಮ ಮದುವೆ. ಅಶ್ಕೆನಾಜಿ ಯೆಹೂದಿಗಳಲ್ಲಿ ಟೇ-ಸ್ಯಾಕ್ಸ್ ಎಂಬ ಕಾಯಿಲೆ ಇದೆ. ಎರಡೂ ಪ್ರತಿ ಕೆಟ್ಟ ಮಗು ಸಾಮಾನ್ಯವಾಗಿ ನಾಲ್ಕೈದು ವರ್ಷ ದಾಟುವುದಿಲ್ಲ. ಅಮೆರಿಕದಲ್ಲಿ 1971ರಿಂದ ಅವರು ಮೊದಲೇ ರಕ್ತ ಪರೀಕ್ಷೆ ಮಾಡಿಸತೊಡಗಿದರು. 1983ರಲ್ಲಿ ನ್ಯೂಯಾರ್ಕಿನ ಒಬ್ಬ ಧರ್ಮಗುರು, ಇದೇ ಕಾಯಿಲೆಯಿಂದ ಮಕ್ಕಳನ್ನು ಕಳೆದುಕೊಂಡವರು, ಒಂದು ವ್ಯವಸ್ಥೆ ಮಾಡಿದರು. ಹುಡುಗ, ಹುಡುಗಿಗೆ ಸಂಖ್ಯೆ ಮಾತ್ರ ಕೊಡುತ್ತಾರೆ. ಸಂಬಂಧ ನೋಡುವಾಗ ಎರಡು ಸಂಖ್ಯೆ ಹೇಳಿದರೆ, ಕೂಡುತ್ತದೆಯೋ ಇಲ್ಲವೋ ಅಷ್ಟೇ ಉತ್ತರ. ನಾವು ನಕ್ಷತ್ರ, ಗಣ ಕೇಳುವ ಹಾಗೆ ಅಂದುಕೊಳ್ಳಿ. ಆ ಸಮುದಾಯದಲ್ಲಿ ಟೇ-ಸ್ಯಾಕ್ಸ್ ಬಹುಪಾಲು ಇಲ್ಲವಾಯಿತು. ಅಲ್ಲಿ ಮದುವೆ ತಡೆಯುವುದಕ್ಕೆ ಅರ್ಥ ಇತ್ತು. ಮಗುವಿನ ಜೀವದ ಪ್ರಶ್ನೆ.

ನಿಮ್ಮದು ಅಂಥದ್ದಲ್ಲ. ನಿಮಗೆ, ಹುಡುಗಿಗೆ, ಹುಟ್ಟುವ ಮಗುವಿಗೆ ಎಲ್ಲರಿಗೂ ಈ ಕೊರತೆ ಇದ್ದರೂ ಆಗುವುದು ಮೂರು ಚೀಟಿ. ಹುಡುಗಿಗೆ ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಅವಳಿಗೂ ನಾಳೆ ಹೆರಿಗೆ ಇದೆಯಲ್ಲ. ಆದರೆ ಅದು ಅವಳ ಸುರಕ್ಷತೆಗೆ, ಸಂಬಂಧದ ಷರತ್ತಾಗಿ ಬೇಡ. ಮದುವೆ ಆದ ಮೇಲೆ ಮಾಡಿಸಿದರೂ ನಡೆಯುತ್ತದೆ. ಅವರ ತಂದೆ ತಾಯಿಗೆ ಸಂಶಯ ಉಳಿದರೆ ಈ ಉತ್ತರ ಓದಿಸಿ. ಲಗ್ನಪತ್ರಿಕೆ ಈ ವಾರವೇ ಅಚ್ಚಿಗೆ ಕೊಡಿ.